ಕಾಪು–ಮಟ್ಟು–ಪಡುಕೆರೆ: ಕಯಾಕ್‌ನಲ್ಲಿ ಒಬ್ಬರೇ ಒಂದು ದಿನ, ಬಗೆಬಗೆ ಮೀನಿಗೆ ಯೋಜನೆ ಹೇಗೆ?

ಕೆರೆದಂಡೆ_ಬೆಂಗಳೂರು

ಡಿಸೆಂಬರ್ ಎರಡನೇ ವಾರ ಉಡುಪಿ ಹತ್ತಿರದ ಕಾಪು ಕಡೆಗೆ ಒಂದು ಪೂರ್ತಿ ದಿನ ಇಟ್ಟುಕೊಂಡಿದ್ದೇನೆ. ಕಯಾಕ್ 12 ಅಡಿಯ ಸಿಟ್-ಆನ್-ಟಾಪ್ (ಮೇಲೆ ಕೂರುವಂಥದ್ದು), 78 ಸೆಂ.ಮೀ. ಅಗಲ, ಕೈಹುಟ್ಟಿನದು, ಪೆಡಲ್ ಇಲ್ಲ. ಕೆರೆ, ಹಿನ್ನೀರಿನ ಅಭ್ಯಾಸ ಸಾಕಷ್ಟಿದೆ, ತೆರೆದ ಕಡಲು ಹೊಸದು. ಒಂದೇ ಜಾತಿಯ ಹಿಂದೆ ಬೀಳದೆ ಬಂಗುಡೆಯಿಂದ ಮುರು ಮೀನಿನ ತನಕ ಐದಾರು ಬಗೆ ಸಿಗುವಂತೆ ದಿನ ಹೊಂದಿಸಬೇಕು. ಎಷ್ಟು ದೂರ ಹೋಗಬೇಕು, ಎಷ್ಟು ಗಂಟೆಗೆ ವಾಪಸಾಗಬೇಕು? ರಾಡ್ ನಾಲ್ಕು ಇವೆ, ನಾಲ್ಕನ್ನೂ ಒಯ್ಯಲೇ? ಸೇಂಟ್ ಮೇರೀಸ್ ದ್ವೀಪದ ತನಕ ಹೋಗಿ ಬರಬಹುದೇ?

ಪಡುಗಾಳಿ_ಉಡುಪಿ

ದ್ವೀಪದ ಯೋಚನೆ ಈ ಸಲ ಬಿಡಿ. ಒಬ್ಬರೇ, ಕೈಹುಟ್ಟು, ಹೊಸ ಕಡಲು ಅಂದರೆ ದಡದಿಂದ 2 ಕಿ.ಮೀ. ಮೇಲೆ ಹೋಗುವುದು ಬೇಡ. ನೀವು ಕೇಳಿದ ಅಷ್ಟೂ ಬಗೆ ಆ 2 ಕಿ.ಮೀ. ಒಳಗೇ ಉಂಟು. ದೂರ ಹೋದ ಹಾಗೆ ಮೀನಿನ ಬಗೆ ಹೆಚ್ಚುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಳ ಬದಲಾದ ಕಡೆ ಮೀನು ಬದಲಾಗುತ್ತದೆ.

ಈಗ ಗಾಳಿಯ ವಿಷಯ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ನೆಲ ತಣಿಯುತ್ತದೆ, ಬೆಳಗಿನ ಜಾವದಿಂದ ಸುಮಾರು 9–10 ಗಂಟೆಯವರೆಗೆ ಮೂಡಣ ಗಾಳಿ ಬೀಸುತ್ತದೆ. ನೆಲದಿಂದ ಕಡಲಿಗೆ. ಕರೆಯ ತೆಂಗಿನ ತೋಟ ಅದನ್ನು ತಡೆಯುವುದರಿಂದ ದಡದ ಹತ್ತಿರ ನೀರು ಕನ್ನಡಿಯ ಹಾಗೆ ಕಾಣುತ್ತದೆ. 1 ಕಿ.ಮೀ. ದಾಟಿದ ಮೇಲೆ ಗಾಳಿ ಬೆನ್ನಿಗೆ ತಾಗುತ್ತದೆ, ಅಷ್ಟು ಹೊತ್ತಿಗೆ ಗಾಳ ತಳಕ್ಕೆ ಬಿಟ್ಟು ಕೂತಿರುತ್ತೀರಿ, ಕಯಾಕ್ ಪಶ್ಚಿಮಕ್ಕೆ ಜಾರುವುದು ಗೊತ್ತೇ ಆಗುವುದಿಲ್ಲ. ಕೆರೆಯಲ್ಲಿ ಗಾಳಿ ಎತ್ತ ತಳ್ಳಿದರೂ ಒಂದು ದಂಡೆ ಸಿಗುತ್ತದೆ. ಇಲ್ಲಿ ಪಶ್ಚಿಮಕ್ಕೆ ದಂಡೆ ಇಲ್ಲ.

ಪರೀಕ್ಷೆ ಹೀಗೆ ಮಾಡಿ: 500 ಮೀಟರ್ ಹೋಗಿ ಹುಟ್ಟು ಎತ್ತಿಟ್ಟು 5 ನಿಮಿಷ ಸುಮ್ಮನೆ ಕೂತುಕೊಳ್ಳಿ. ಫೋನಿನ ಜಿಪಿಎಸ್‌ನಲ್ಲಿ 150 ಮೀಟರಿಗಿಂತ ಹೆಚ್ಚು ಸರಿದಿದ್ದರೆ ಗಂಟೆಗೆ 1.8 ಕಿ.ಮೀ. ಹೊರಗೆ ಹೋಗುತ್ತಿದ್ದೀರಿ ಎಂದರ್ಥ. ಆವತ್ತು 1 ಕಿ.ಮೀ. ದಾಟಬೇಡಿ. ಸಾಮಾನು ತುಂಬಿದ 12 ಅಡಿ ಕಯಾಕ್ ಶಾಂತ ನೀರಲ್ಲಿ ಗಂಟೆಗೆ 5 ಕಿ.ಮೀ. ಹೋದರೆ, 10 ನಾಟ್ ಗಾಳಿಗೆ ಎದುರಾಗಿ 2.5–3 ಹೋಗುತ್ತದೆ, ಅದೂ ತೋಳಿನಲ್ಲಿ ಬಲ ಇರುವ ತನಕ.

ಗಾಳಿ 10–11ರ ಸುಮಾರಿಗೆ ಸತ್ತು ಆಮೇಲೆ ಪಡುವಣಕ್ಕೆ, ವಾಯವ್ಯಕ್ಕೆ ತಿರುಗುತ್ತದೆ. ಅದು ದಡಕ್ಕೆ ತಳ್ಳುವ ಗಾಳಿ, ಆದರೆ ಮಧ್ಯಾಹ್ನ 1ರ ನಂತರ ಅಲೆ ಒಡೆಯುವ ಜಾಗ ಕೆಡುತ್ತದೆ. 12 ಗಂಟೆಗೆ ಮರಳ ಮೇಲೆ ಇರಿ.

ತಂಗೂಸಿ

ಪಡುಗಾಳಿಯವರು ಹೇಳಿದ ಹೊತ್ತಿಗೆ ಮೀನಿನ ಕ್ರಮ ಹೊಂದಿಸಿ ಬರೆಯುತ್ತೇನೆ. ರಾಡ್ ಎರಡೇ ಸಾಕು. ನಾಲ್ಕು ಒಯ್ದರೆ ಅಲೆ ದಾಟುವಾಗ ಒಂದು ಮುರಿಯುತ್ತದೆ, ಉಳಿದದ್ದು ಸಿಕ್ಕು ಬೀಳುತ್ತದೆ.

ಒಂದು 6.5 ಅಡಿಯ ಹಗುರ ರಾಡ್, 2500 ರೀಲ್, 15 ಪೌಂಡ್ ಬ್ರೇಡ್ (ಹೆಣೆದ ದಾರ). ಇನ್ನೊಂದು 7 ಅಡಿಯ ಮೀಡಿಯಂ ಹೆವಿ, 4000 ರೀಲ್, 30 ಪೌಂಡ್ ಬ್ರೇಡ್, ಅದಕ್ಕೆ 40 ಪೌಂಡ್ ತಂಗೂಸಿ ಲೀಡರ್ (ಗಾಳದ ಬದಿಯ ತುಂಡು ದಾರ) ಒಂದೂವರೆ ಮೀಟರ್.

6.30ಕ್ಕೆ, ಬೆಳಕು ಹರಿಯುವಾಗ ಇಳಿಯಿರಿ. ಕತ್ತಲಲ್ಲಿ ಬೇಡ, ಬಿಟ್ಟ ಬಲೆಯ ತೇಲುಬೆಂಡು ಕಾಣುವುದಿಲ್ಲ. ಮೊದಲ ಒಂದು ಗಂಟೆ 5–6 ಮೀಟರ್ ಆಳದಲ್ಲಿ ಬಂಗುಡೆ, ಸಣ್ಣ ಕೊಕ್ಕರ್. 10 ನಂಬರಿನ ಸಬಿಕಿ (ಒಂದೇ ದಾರಕ್ಕೆ ಸಾಲಾಗಿ ಕಟ್ಟಿದ ಸಣ್ಣ ಗಾಳಗಳು), ಕೆಳಗೆ 30 ಗ್ರಾಂ ಸೀಸ. ಅಂಗಡಿಯಲ್ಲಿ ಸಿಗುವ ಸಬಿಕಿಗೆ ಆರು ಗಾಳ ಇರುತ್ತದೆ, ಅದನ್ನು ನಡುವೆ ಕತ್ತರಿಸಿ ಮೂರು ಮೂರು ಮಾಡಿ. ದೋಣಿಯಲ್ಲಿ ನಿಂತು ಎತ್ತುವವರಿಗೆ ಆರು ಸರಿ. ಕಯಾಕ್‌ನಲ್ಲಿ ಕೂತು ಎತ್ತಿದರೆ ನಾಲ್ಕು ಬಂಗುಡೆ ಒಟ್ಟಿಗೆ ಮಡಿಲಿಗೆ ಬಂದು ಒದ್ದಾಡುತ್ತವೆ, ಖಾಲಿ ಗಾಳ ಎರಡು ತೊಡೆಗೆ ಚುಚ್ಚುತ್ತದೆ.

ಸೀಸ ತಳಕ್ಕೆ ತಾಗಿದ ಮೇಲೆ ಒಂದು ಮೀಟರ್ ಎತ್ತಿ ಹತ್ತು ಎಣಿಸಿ, ಇನ್ನೊಂದು ಮೀಟರ್ ಎತ್ತಿ ಹತ್ತು ಎಣಿಸಿ. ಬಂಗುಡೆ ತಾಗಿದರೆ ಎಳೆತ ಇರುವುದಿಲ್ಲ. ದಾರಕ್ಕೆ ಬೆರಳು ತಾಗಿಸಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ ನಡುಕ ಬರುತ್ತದೆ. ಆಗ ಕೂಡಲೇ ಸುತ್ತಬೇಡಿ, ನಾಲ್ಕೈದು ಸೆಕೆಂಡು ತಡೆಯಿರಿ. ಮೊದಲನೆಯದು ಒದ್ದಾಡುವುದನ್ನು ನೋಡಿ ಉಳಿದವು ಬರುತ್ತವೆ. ಯಾವ ಆಳದಲ್ಲಿ ಸಿಕ್ಕಿತೋ ಅಲ್ಲಿ ಬ್ರೇಡಿಗೆ ಮಾರ್ಕರ್ ಪೆನ್ನಿನ ಗುರುತು ಹಾಕಿ, ಮುಂದಿನ ಸಲ ನೇರ ಆ ಆಳಕ್ಕೆ ಬಿಡಬಹುದು. ಎರೆಗೆ ಮೂರು ನಾಲ್ಕು ಸಾಕು.

7.30ರಿಂದ 9ರ ತನಕ ಟ್ರೋಲಿಂಗ್, ಅಂದರೆ ಹುಟ್ಟು ಹಾಕುತ್ತಾ ಗಾಳವನ್ನು ಹಿಂದೆ ಎಳೆಯುವುದು. ಕಾಪು ದೀಪಸ್ತಂಭದ ಎದುರಿನ ಪಾದೆಗಳ (ಬಂಡೆಗಳ) ಹೊರ ಅಂಚಿನಲ್ಲಿ, ಅಲೆ ಒಡೆಯುವ ಜಾಗದಿಂದ ಕನಿಷ್ಠ 60–70 ಮೀಟರ್ ದೂರ ಇಟ್ಟುಕೊಂಡು, ಉತ್ತರ–ದಕ್ಷಿಣವಾಗಿ ಹೋಗಿ ಬನ್ನಿ. 9–11 ಸೆಂ.ಮೀ. ಮಿನ್ನೋ (ಮೀನಿನಾಕಾರದ ಕೃತಕ ಎರೆ), 2 ಮೀಟರ್ ಮುಳುಗುವಂಥದ್ದು, 25–30 ಮೀಟರ್ ಹಿಂದೆ. ವೇಗ ಗಂಟೆಗೆ 4–5 ಕಿ.ಮೀ. ಬಾರಕುಡ, ಕ್ವೀನ್‌ಫಿಶ್, ದೊಡ್ಡ ಕೊಕ್ಕರ್ ಇದಕ್ಕೆ ಬೀಳುತ್ತವೆ. ಅಂಜಲ್ ಬಂದರೂ ಬರಬಹುದು.

9ರಿಂದ 10.30 ತಳದ ಮೀನು. 7–9 ಮೀಟರ್ ಆಳದಲ್ಲಿ ಪಾದೆ ಮುಗಿದು ಮರಳು ಶುರುವಾಗುವ ಗಡಿ ಹುಡುಕಿ. ಫಿಶ್‌ಫೈಂಡರ್ ಇಲ್ಲದಿದ್ದರೂ ಸೀಸವೇ ಹೇಳುತ್ತದೆ: ಕಲ್ಲಿಗೆ ತಾಗಿದರೆ ಟಕ್ ಎಂದು ಬೆರಳಿಗೆ ಬರುತ್ತದೆ, ಮರಳಿಗೆ ಮೆತ್ತಗೆ ಕೂರುತ್ತದೆ, ಕೆಸರಾದರೆ ಎತ್ತುವಾಗ ಹಿಡಿದುಕೊಳ್ಳುತ್ತದೆ. ಕಲ್ಲಿನ ಅಂಚಿಗೆ ಬಂಗುಡೆಯ ಹೋಳು ಅಥವಾ ಬೊಂಡಾಸದ (ಸ್ಕ್ವಿಡ್) ಪಟ್ಟಿ, 2/0 ಸರ್ಕಲ್ ಗಾಳ (ಮೊನೆ ಒಳಕ್ಕೆ ಬಾಗಿದ್ದು). ಮುರು, ಕೆಂಬೇರಿ ಇಲ್ಲಿ. ಅಲ್ಲೇ 30 ಮೀಟರ್ ಹೊರಗೆ ಕೆಸರು ತಳಕ್ಕೆ ಸಿಗಡಿ ಬಿಟ್ಟರೆ ಕಲ್ಲೂರು.

ಕೊನೆಗೆ ದಡಕ್ಕೆ ಬರುವ ದಾರಿಯಲ್ಲಿ, ಅಲೆ ಒಡೆಯುವ ಸಾಲಿನ ಹೊರಗೆ 3 ಮೀಟರ್ ಮರಳಲ್ಲಿ ಕಾಣೆ. 8 ನಂಬರ್ ಗಾಳ, ಚಿಕ್ಕ ಬೆರಳಿನ ಉಗುರಿನಷ್ಟು ಸಿಗಡಿ ಚೂರು, 15 ಗ್ರಾಂ ಸೀಸ. ಸೀಸ ಮರಳನ್ನು ಕೆದಕುತ್ತಾ ನಿಧಾನ ಜಾರಬೇಕು, ಆ ದೂಳಿಗೆ ಕಾಣೆ ಬರುತ್ತದೆ.

ಕೆರೆದಂಡೆ_ಬೆಂಗಳೂರು

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ತುಂಬ ಉಪಕಾರ. ಎರಡು ಪ್ರಶ್ನೆ. ಪಾದೆಯ ಅಂಚಿನಲ್ಲಿ ನಿಲ್ಲಲು ಲಂಗರು ಹಾಕಬೇಕೇ? ಬಾರಕುಡ, ಅಂಜಲ್ ಹಲ್ಲಿಗೆ ತಂತಿ ಲೀಡರ್ ಬೇಡವೇ?

ಕಾಳಿನದಿ_ಕಾರವಾರ

ಲಂಗರಿನ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಕಯಾಕ್ ಮಗುಚುವುದಕ್ಕೆ ಇದು ದೊಡ್ಡ ಕಾರಣ. ಪಕ್ಕದ ಹಿಡಿಗೆ ಹಗ್ಗ ಕಟ್ಟಬಾರದು. ಕಯಾಕ್ ಅಲೆಗೆ ಅಡ್ಡ ನಿಲ್ಲುತ್ತದೆ, ಹಗ್ಗ ಆ ಬದಿಯನ್ನು ಕೆಳಗೆ ಎಳೆದು ಹಿಡಿಯುತ್ತದೆ, ಮುಂದಿನ ಅಲೆ ಇನ್ನೊಂದು ಬದಿಯನ್ನು ಎತ್ತುತ್ತದೆ. ಮುಂತುದಿ ಅಥವಾ ಹಿಂತುದಿಗೇ ಹಗ್ಗ ಹೋಗಬೇಕು. ಕೂತಲ್ಲಿಂದ ತುದಿ ಎಟಕುವುದಿಲ್ಲವಾದ್ದರಿಂದ ಎರಡು ರಾಟೆ, ನಡುವೆ ಒಂದು ಉಂಗುರ ಇರುವ ಟ್ರಾಲಿ ಹಗ್ಗ ಬೇಕು. 1.5 ಕೆ.ಜಿ. ಮಡಚುವ ಲಂಗರು, 1.5 ಮೀಟರ್ ಸರಪಳಿ, 8 ಮೀಟರ್ ಆಳಕ್ಕೆ ಕನಿಷ್ಠ 25–30 ಮೀಟರ್ ಹಗ್ಗ.

ಕಲ್ಲಿನಲ್ಲಿ ಲಂಗರು ಸಿಕ್ಕಿಕೊಳ್ಳುವುದು ಖಂಡಿತ. ಅದಕ್ಕೆ ಸರಪಳಿಯನ್ನು ಲಂಗರಿನ ತಲೆಗೆ (ಕೊಕ್ಕೆಗಳ ಬುಡಕ್ಕೆ) ಕಟ್ಟಿ, ಮೇಲಿನ ಉಂಗುರಕ್ಕೆ ಒಂದು ಪ್ಲಾಸ್ಟಿಕ್ ಟೈ ಮಾತ್ರ ಹಾಕಿ. ಜೋರಾಗಿ ಎಳೆದರೆ ಟೈ ತುಂಡಾಗಿ ಲಂಗರು ಹಿಮ್ಮುಖವಾಗಿ ಬಿಡಿಸಿಕೊಳ್ಳುತ್ತದೆ. ಹಗ್ಗದ ಈಚೆ ತುದಿಗೆ ತೇಲುಬೆಂಡು ಇರಲಿ, ಅಪಾಯ ಬಂದರೆ ಹಗ್ಗವನ್ನೇ ಬಿಟ್ಟು ಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೂ, ಮೊದಲ ದಿನ ಲಂಗರು ಬೇಡ ಎಂಬುದು ನನ್ನ ಅಭಿಪ್ರಾಯ. 60–70 ಸೆಂ.ಮೀ. ಬಾಯಿಯ ನೀರಕೊಡೆ, ಅಂದರೆ ಡ್ರೋಗ್, ಹಿಂತುದಿಗೆ ಕಟ್ಟಿ. ಜಾರುವ ವೇಗ ಅರ್ಧಕ್ಕೆ ಇಳಿಯುತ್ತದೆ. ಪಾದೆಯ ಮೇಲಿಂದ ಜಾರಿ, ಮರಳಿಗೆ ಬಂದ ಮೇಲೆ ಹುಟ್ಟು ಹಾಕಿ ಮತ್ತೆ ಮೇಲಕ್ಕೆ ಹೋಗಿ. ಹೀಗೆ ಜಾರುವುದರಲ್ಲೇ ಮೀನಿನ ಬಗೆ ಹೆಚ್ಚು, ನಿಂತಲ್ಲಿ ನಿಂತರೆ ಆ ಕಲ್ಲಿನ ಮೀನು ಮಾತ್ರ.

ಜಾಗ ನೆನಪಿಡಲು ನಮ್ಮ ಕರಾವಳಿಯ ಹಳೆಯ ಕ್ರಮವೇ ಸಾಕು. 1901ರ ಆ ದೀಪಸ್ತಂಭ ಮತ್ತು ಅದರ ಹಿಂದಿನ ಯಾವುದಾದರೂ ಎತ್ತರದ ಟವರ್ ಒಂದೇ ಸಾಲಿಗೆ ಬರುವುದು ಒಂದು ಗೆರೆ. ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಅಂಥದೇ ಇನ್ನೊಂದು ಜೋಡಿ. ಎರಡು ಗೆರೆ ಕೂಡಿದಲ್ಲಿ ನಿಮ್ಮ ಕಲ್ಲು. ಫೋನ್ ಒದ್ದೆಯಾದರೂ ಇದು ಕೆಡುವುದಿಲ್ಲ.

ತಂಗೂಸಿ

ತಂತಿ ಬಗ್ಗೆ: ಟ್ರೋಲಿಂಗ್ ಗಾಳಕ್ಕೆ ಮಾತ್ರ 15 ಸೆಂ.ಮೀ., 30 ಪೌಂಡಿನ ಏಳು ಎಳೆಯ ತಂತಿ ಹಾಕಿ. ಉದ್ದ ಹಾಕಿದರೆ ಮಿನ್ನೋದ ಕುಲುಕಾಟ ಸಾಯುತ್ತದೆ, ಕೊಕ್ಕರ್ ಹತ್ತಿರ ಬರುವುದಿಲ್ಲ. ತಳದ ಮೀನಿಗೆ ತಂತಿ ಬೇಡವೇ ಬೇಡ.

ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿ) ದಡದಲ್ಲೇ ತಕ್ಕಡಿ ಹಿಡಿದು ಹೊಂದಿಸಿ. 30 ಪೌಂಡ್ ಬ್ರೇಡಿಗೆ 3 ಕೆ.ಜಿ. ಸಾಕು. ದೊಡ್ಡ ಮೀನು ಪಕ್ಕದಿಂದ ಎಳೆದಾಗ ರಾಡನ್ನು ಮುಂತುದಿಯ ಕಡೆ ತಿರುಗಿಸಿ, ಕಯಾಕ್ ತಾನೇ ಮೀನಿನ ಕಡೆ ತಿರುಗಿ ಅದರ ಹಿಂದೆ ಹೋಗುತ್ತದೆ. ಪಕ್ಕಕ್ಕೆ ಹಿಡಿದುಕೊಂಡು ಡ್ರ್ಯಾಗ್ ಬಿಗಿ ಮಾಡಿದರೆ ಎಳೆಯುವ ಮೀನಿನ ಜತೆ ನೀವೂ ನೀರಿಗೆ. ಮುರು ಮಾತ್ರ ಇದಕ್ಕೆ ಹೊರತು: ತಾಗಿದ ಮೊದಲ ಎರಡು ಮೀಟರ್ ಬಿಡದೆ ಸುತ್ತಬೇಕು, ಇಲ್ಲವಾದರೆ ಬಿಲಕ್ಕೆ ಹೋಗಿ ಕಿವಿರು ಅಗಲಿಸಿ ಕೂರುತ್ತದೆ. ಹಾಗೆ ಕೂತರೆ ದಾರ ಪೂರ್ತಿ ಸಡಿಲ ಬಿಟ್ಟು ಎರಡು ಮೂರು ನಿಮಿಷ ಕಾಯಿರಿ, ಕೆಲವೊಮ್ಮೆ ತಾನಾಗಿ ಹೊರಗೆ ಬರುತ್ತದೆ.

ಮಸ್ಕತ್_ಕನ್ನಡಿಗ

ಇಲ್ಲಿ ಒಮಾನಿನಲ್ಲಿ ಕಯಾಕ್‌ನವರು ಸ್ಯಾಟಲೈಟ್ ಮೆಸೆಂಜರ್ ಜಾಕೆಟ್ಟಿಗೆ ಸಿಕ್ಕಿಸಿಕೊಂಡೇ ಇಳಿಯುತ್ತಾರೆ. ಒಬ್ಬರೇ ಹೋಗುವವರಿಗೆ ಊರಿನಲ್ಲೂ ಅದನ್ನೇ ಹೇಳಬಹುದಲ್ಲವೇ?

ಪಡುಗಾಳಿ_ಉಡುಪಿ

ದಯವಿಟ್ಟು ಬೇಡ. ಭಾರತದಲ್ಲಿ ಉಪಗ್ರಹ ಫೋನು, ಮೆಸೆಂಜರ್‌ಗಳಿಗೆ ಮುಂಚಿತ ಪರವಾನಗಿ ಬೇಕು. ಇಲ್ಲದೆ ಬ್ಯಾಗಿನಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ಕೇಸಾಗುತ್ತದೆ, ಕಡಲ ದಡದಲ್ಲಂತೂ ಇನ್ನೂ ಗಂಭೀರ. 2 ಕಿ.ಮೀ. ಒಳಗೆ ಮೊಬೈಲ್ ಸಾಮಾನ್ಯವಾಗಿ ಸಿಗುತ್ತದೆ. ತೇಲುವ ಚೀಲದಲ್ಲಿ ಹಾಕಿ ಲೈಫ್ ಜಾಕೆಟ್ಟಿಗೆ ಕಟ್ಟಿ. ಕಯಾಕಿಗೆ ಕಟ್ಟಿದರೆ ಕಯಾಕ್ ಕೈತಪ್ಪಿದಾಗ ಫೋನೂ ಹೋಯಿತು. ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554. ದಡದಲ್ಲಿ ಒಬ್ಬರಿಗೆ ಕಯಾಕಿನ ಬಣ್ಣ, ಇಳಿಯುವ ಜಾಗ, ವಾಪಸಾಗುವ ಹೊತ್ತು ಬರೆದುಕೊಟ್ಟು, ಮಧ್ಯಾಹ್ನ 1 ಗಂಟೆಯಾದರೂ ಸುದ್ದಿ ಇಲ್ಲದಿದ್ದರೆ ಕರೆ ಮಾಡಿ ಎಂದು ಹೇಳಿ ಹೋಗಿ. ಇಳಿಯುವ ಮೊದಲು ದಡದ ಮೀನುಗಾರರನ್ನು ಮಾತನಾಡಿಸಿ. ಕೈರಂಪಣಿ (ದಡದಿಂದ ಎಳೆಯುವ ಬಲೆ) ಎಲ್ಲಿ ಎಳೆಯುತ್ತಾರೆ, ಬಲೆ ಎಲ್ಲಿ ಬಿಟ್ಟಿದ್ದಾರೆ ಎಂದು ಅವರೇ ತೋರಿಸುತ್ತಾರೆ. ಅವರ ಬಲೆಯ ಸಾಲಿನೊಳಗೆ ಗಾಳ ಹಾಕಬಾರದು, ಅದು ಅವರ ದಿನದ ಅನ್ನ.

ಸೀಟಿ, ಚಾಕು ಜಾಕೆಟ್ಟಿನ ಮೇಲೆ. ಹುಟ್ಟಿಗೆ 1.2 ಮೀಟರ್ ಕಟ್ಟುಹಗ್ಗ. ಕಡಲಿಗೆ ಹೋಗುವ ಮೊದಲು ಕೆರೆಯಲ್ಲೇ, ಕಾಲು ತಾಗದ ಆಳದಲ್ಲಿ ಬೇಕೆಂದೇ ಮಗುಚಿ ಹತ್ತುವ ಅಭ್ಯಾಸ ಮಾಡಿ. ಕಾಲು ಒದ್ದು ಹೊಟ್ಟೆ ಅಡ್ಡ ಹಾಕುವುದು, ಹೊರಳಿ ಕೂರುವುದು, ಆಮೇಲೆ ಕಾಲು. ಸಲೀಸಾಗಿ ಐದು ಸಲ ಆಗದಿದ್ದರೆ ಡಿಸೆಂಬರ್ ಬಿಟ್ಟು ಜನವರಿಗೆ ಬನ್ನಿ.

ಕಾಳಿನದಿ_ಕಾರವಾರ

ಹತ್ತುವ ಅಭ್ಯಾಸದ ಜತೆ ಒಡಲಿಗೆ ನೀರು ನುಗ್ಗುತ್ತದೆಯೇ ನೋಡಿ. ಸಿಟ್-ಆನ್-ಟಾಪ್ ಮುಳುಗುವುದಿಲ್ಲ ಎಂದು ನಂಬಿದವರು ಬಹಳ. ಒಳಗೆ ಟೊಳ್ಳು, 40 ಲೀಟರ್ ನೀರು ಸೇರಿದರೆ 40 ಕೆ.ಜಿ. ಭಾರ ಒಳಗೆ ಅತ್ತಿತ್ತ ಓಡುತ್ತದೆ, ಆಮೇಲೆ ಎಷ್ಟು ಹತ್ತಿದರೂ ಮತ್ತೆ ಮಗುಚುತ್ತದೆ. ಸೋರುವ ಜಾಗಗಳು: ಮುಚ್ಚಳದ ರಬ್ಬರ್, ರಾಡ್ ಹೋಲ್ಡರಿನ ಸ್ಕ್ರೂ ತೂತು, ಎಲ್ಲಕ್ಕಿಂತ ಹೆಚ್ಚು ನೀರು ಇಳಿಯುವ ಸ್ಕಪರ್ ಕೊಳವೆಗಳ ಬುಡ. ಸ್ಕಪರಿಗೆ ಕಂಬ ತೂರಿಸುವ ಗಾಡಿಯಲ್ಲಿ ಎಳೆದವರ ಕಯಾಕ್ ಅಲ್ಲೇ ಬಿರಿಯುತ್ತದೆ, ಗೆರೆ ಕೂದಲಿನಷ್ಟು ಸಣ್ಣದು. ಕಯಾಕನ್ನು ತಲೆಕೆಳಗು ಮಾಡಿ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿದರೆ ಬೆಳಕು ಸೋರುತ್ತದೆ. ಒಡಲೊಳಗೆ ಬಿಗಿಯಾಗಿ ಮುಚ್ಚಿದ ಹತ್ತು ಖಾಲಿ 2 ಲೀಟರ್ ಸೋಡಾ ಬಾಟಲಿ ತುಂಬಿಸಿ, 20 ಕೆ.ಜಿ.ಯಷ್ಟು ತೇಲುಬಲ ಖರ್ಚಿಲ್ಲದೆ ಸಿಗುತ್ತದೆ.

ಮಟ್ಟುಕರೆ

ಅಲೆ ದಾಟುವ ವಿಷಯ ಯಾರೂ ಬರೆದಿಲ್ಲ. ಇಳಿಯುವ ಮೊದಲು ಹತ್ತು ನಿಮಿಷ ನಿಂತು ಅಲೆ ಎಣಿಸಿ. ಐದಾರು ದೊಡ್ಡದು ಒಟ್ಟಿಗೆ ಬಂದು ಆಮೇಲೆ ಸ್ವಲ್ಪ ಹೊತ್ತು ಬಿಡುವು ಇರುತ್ತದೆ, ಆ ಬಿಡುವಿನಲ್ಲಿ ಹೋಗಬೇಕು. ಸೊಂಟದ ಎತ್ತರಕ್ಕೆ ಒಡೆಯುತ್ತಿದ್ದರೆ ಆವತ್ತು ಬೇಡ. ಇಂಕಾಯ್ಸ್ (ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ) ಮುನ್ಸೂಚನೆಯಲ್ಲಿ ಎತ್ತರ 0.7 ಮೀಟರ್ ಮಾತ್ರ ಎಂದು ಸಮಾಧಾನ ಪಡಬೇಡಿ, ಅಲೆಯ ಅವಧಿಯನ್ನೂ ನೋಡಿ. 14 ಸೆಕೆಂಡಿಗಿಂತ ಹೆಚ್ಚಿದ್ದರೆ ಹೊರಗೆ ಏನೂ ಕಾಣದ ಉಬ್ಬು ದಡದಲ್ಲಿ ಎದ್ದು ನಿಲ್ಲುತ್ತದೆ.

ರಾಡ್ ಮಲಗಿಸಿ ಕಟ್ಟಿ, ಗಾಳ ಎಲ್ಲ ಬಿಚ್ಚಿ ಡಬ್ಬಿಯಲ್ಲಿ. ವಾಪಸು ಬರುವಾಗಲೂ ಹಾಗೇ. ಬರುವಾಗ ದೊಡ್ಡ ಅಲೆಗಳ ಕೊನೆಯದರ ಬೆನ್ನ ಮೇಲೆ ಬನ್ನಿ, ಎದುರಿನ ಮುಖದ ಮೇಲೆ ಬೇಡ. ಕಯಾಕ್ ಅಡ್ಡ ತಿರುಗಿದರೆ ಅಲೆಯ ಕಡೆಗೇ ವಾಲಿ, ನೀರಿಗೆ ಬಿದ್ದರೆ ಕಡಲ ಬದಿಗೆ ಬೀಳಿ. ಕಯಾಕಿಗೂ ದಡಕ್ಕೂ ನಡುವೆ ಎಂದೂ ನಿಲ್ಲಬೇಡಿ. ನೀರು ತುಂಬಿದ ಕಯಾಕ್ ಅಲೆಯೊಂದಿಗೆ ಬಂದು ಮೊಣಕಾಲಿಗೆ ಹೊಡೆದರೆ ಮೂಳೆ ಉಳಿಯುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಅಷ್ಟಮಿ ಹತ್ತಿರದ ದಿನ ಆರಿಸಿ, ನೀರಿನ ಸೆಳೆತ ಕಡಿಮೆ. ಮಲ್ಪೆಯ ಅಳಿವೆ ಬಾಯಿಗೆ ಇಳಿತದ ಹೊತ್ತಿಗೆ ಹೋಗಲೇಬಾರದು. ಹೊಳೆಯ ನೀರು ಹೊರಗೆ, ಅಲೆ ಒಳಗೆ, ನಡುವೆ ನೀರು ಗೋಡೆ ಕಟ್ಟುತ್ತದೆ, ಅದರ ಮೇಲೆ ಬಂದರಿನ ಬೋಟುಗಳ ಸಂಚಾರ ಬೇರೆ.

ಕೆರೆದಂಡೆ_ಬೆಂಗಳೂರು

ಮೀನು ಬಿಡಿಸುವುದು, ಕಾಪಿಡುವುದು? ಬಿಸಿಲಿಗೆ ಕಯಾಕ್‌ನಲ್ಲಿ ಎಷ್ಟು ಐಸ್ ಬೇಕು?

ತಂಗೂಸಿ

ಮೀನು 5 ಕೆ.ಜಿ. ಎಂದುಕೊಂಡರೆ ಐಸ್ 5 ಕೆ.ಜಿ. ಜತೆಗೆ ಹೆಪ್ಪುಗಟ್ಟಿಸಿದ ಕುಡಿಯುವ ನೀರಿನ 1 ಲೀಟರ್ ಬಾಟಲಿ ನಾಲ್ಕು. ಕರಗಿದ ಹಾಗೆ ಕುಡಿಯಬಹುದು. ಪುಡಿ ಐಸಿಗೆ ಸ್ವಲ್ಪ ಕಡಲ ನೀರು ಸೇರಿಸಿ ಅಂಬಲಿ ಹದಕ್ಕೆ ತನ್ನಿ, ಬರಿ ಐಸಿಗಿಂತ ಬೇಗ ತಣಿಸುತ್ತದೆ. ಬಂಗುಡೆ, ಕೇದರ (ಟ್ಯೂನಾ) ಬಿಸಿಲಲ್ಲಿ ಉಳಿದರೆ ಹಿಸ್ಟಮಿನ್ ಎಂಬ ವಿಷ ಆಗುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮೈ ಕೆಂಪಾಗಿ ತಲೆ ಸಿಡಿಯುತ್ತದೆ.

ಕೆಸರು ತಳದಲ್ಲಿ ಕಲ್ಲೂರಿನ ಜತೆ ತೇಡೆ (ಕಡಲ ಕ್ಯಾಟ್‌ಫಿಶ್) ಖಂಡಿತ ಬರುತ್ತದೆ. ಬೆನ್ನಿಗೆ ಒಂದು, ಎರಡು ಪಕ್ಕಕ್ಕೆ ಒಂದೊಂದು, ಮೂರು ಗರಗಸದ ಮುಳ್ಳು, ಹೆದರಿದಾಗ ನೆಟ್ಟಗೆ ಬೀಗ ಹಾಕಿದ ಹಾಗೆ ನಿಲ್ಲಿಸುತ್ತದೆ. ಕಯಾಕಿನೊಳಗೆ ತರಲೇಬೇಡಿ. ನೀರಿನ ಮಟ್ಟದಲ್ಲೇ ಇಕ್ಕಳದಿಂದ ಗಾಳದ ಬಾಗು ಹಿಡಿದು ತಲೆಕೆಳಗು ಮಾಡಿ, ಮೀನಿನ ಭಾರಕ್ಕೇ ಬಿಟ್ಟು ಹೋಗುತ್ತದೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದರೆ ಇನ್ನೂ ಸುಲಭ. ಹೊಟ್ಟೆ ಉಬ್ಬಿಸುವ ಪಫರ್ ಮೀನನ್ನು ಬಿಡಿ, ವಿಷ. ಕಡಲಾಮೆ ಸಿಕ್ಕಿದರೆ ದಾರದಿಂದ ಎತ್ತಬೇಡಿ, ಆದಷ್ಟು ಬಾಯಿಯ ಹತ್ತಿರ ಕತ್ತರಿಸಿ. ಆಮೆ, ಗರಗಸ ಮೀನು, ತಿಮಿಂಗಿಲ ಶಾರ್ಕ್ ಎಲ್ಲ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ.

ಮಟ್ಟುಕರೆ

ತೇಡೆ ಅಥವಾ ತೊರಕೆ ಮುಳ್ಳು ಚುಚ್ಚಿದರೆ ಬಿಸಿನೀರೇ ಮೊದಲ ಮದ್ದು, 45 ಡಿಗ್ರಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಒಂದು ಲೀಟರ್ ಫ್ಲಾಸ್ಕಿನಲ್ಲಿ ಕುದಿಯುವ ನೀರು ಒಯ್ಯಿರಿ. ಇಳಿದ ಹೊಸದರಲ್ಲಿ ಅದು 95ರ ಹತ್ತಿರ, ಒಂದು ಪಾಲಿಗೆ ಮೂರು ಪಾಲು ಕಡಲ ನೀರು. ಹೊತ್ತು ಹೋಗಿ 80ಕ್ಕೆ ಇಳಿದಾಗ ಎರಡು ಪಾಲು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕೈ ಅದ್ದಿ. ಹದ ನೋಡುವುದು ಚುಚ್ಚಿಸಿಕೊಳ್ಳದ ಕೈಯಲ್ಲಿ, ನೋವಿನ ಕೈಗೆ ಸುಡುವುದು ಗೊತ್ತಾಗುವುದಿಲ್ಲ. ಆ ಒಂದು ಲೀಟರ್ ದಡ ಸೇರುವ ತನಕ ಮಾತ್ರ, ಉಳಿದದ್ದಕ್ಕೆ ಆಸ್ಪತ್ರೆ. ಮುಳ್ಳಿನ ತುದಿ ಒಳಗೆ ಮುರಿದಿರುತ್ತದೆ, ಎಕ್ಸ್‌ರೇ ಬೇಕು.

ಪಡುಗಾಳಿ_ಉಡುಪಿ

ಮಧ್ಯಾಹ್ನ ಉಳಿಯಿತಲ್ಲ. 3.30ರ ನಂತರ ಕಯಾಕನ್ನು ಪಡುಕೆರೆಯ ಹಿಂದಿನ ಉದ್ಯಾವರ ಹೊಳೆಗೆ ಇಳಿಸಿ, ಬಂದರಿನಿಂದ ದೂರ, ಮಟ್ಟು ಬದಿಗೆ. ಪಡುವಣ ಗಾಳಿ ತೆಂಗಿನ ಮೇಲೆಯೇ ಹೋಗುತ್ತದೆ. ಉಬ್ಬರ ಏರುವ ಎರಡು ಗಂಟೆ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಅಂಚಿಗೆ 10 ಸೆಂ.ಮೀ. ರಬ್ಬರ್ ಮೀನು, 10 ಗ್ರಾಂ ಜಿಗ್ ತಲೆ (ಸೀಸದ ತಲೆಯ ಗಾಳ): ಕುರುಡಿ, ಎಳೆ ಕೆಂಬೇರಿ. ಸೇತುವೆ ಕಂಬಕ್ಕೆ ಕಲ್ವ (ಚೂಪು ಅಂಚಿನ ಚಿಪ್ಪು) ಅಂಟಿರುತ್ತದೆ, ಅಲ್ಲಿ ಲೀಡರ್ ಪ್ರತಿ ಮೀನಿಗೂ ಬೆರಳಾಡಿಸಿ ನೋಡಿ, ತರಚಿದ್ದರೆ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ದಿನಾಂಕ ಗಟ್ಟಿ ಮಾಡುವ ಮೊದಲು ಮಲ್ಪೆಯ ಉಬ್ಬರ ಪಟ್ಟಿ ನೋಡಿ.

ಕೆರೆದಂಡೆ_ಬೆಂಗಳೂರು

ಸಬಿಕಿ ಕತ್ತರಿಸಿ ಇಟ್ಟೆ. ಟಾರ್ಚ್ ಪರೀಕ್ಷೆಯಲ್ಲಿ ಸೀಟಿನ ಬಲಗಡೆಯ ಸ್ಕಪರ್ ಬುಡದಲ್ಲಿ ಎರಡು ಬೆರಳಿನಷ್ಟು ಉದ್ದದ ಬೆಳಕಿನ ಗೆರೆ ಕಾಣಿಸಿತು. ಎಪಾಕ್ಸಿ ಹಚ್ಚಿದರೆ ನಿಲ್ಲುತ್ತದೆಯೇ?

ಕಾಳಿನದಿ_ಕಾರವಾರ

ಇಲ್ಲ. ಪಾಲಿಎಥಿಲೀನ್‌ಗೆ ಎಪಾಕ್ಸಿ ಹಿಡಿಯುವುದಿಲ್ಲ, ಎರಡು ದಿನದಲ್ಲಿ ಸಿಪ್ಪೆಯಂತೆ ಏಳುತ್ತದೆ. ಬಿರುಕಿನ ಎರಡೂ ತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಆಮೇಲೆ ನೀರಿನ ಟ್ಯಾಂಕ್ ರಿಪೇರಿ ಮಾಡುವವರ ಹತ್ತಿರ ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಬಿಸಿಗಾಳಿಯ ಬೆಸುಗೆ ಹಾಕಿಸಿ. ಹಾಕಿಸಿದ ಮೇಲೆ ಕೆರೆಯಲ್ಲಿ ಎರಡು ಗಂಟೆ ಕೂತು, ದಡಕ್ಕೆ ತಂದು, ಹಿಂದಿನ ಪ್ಲಗ್ ತೆಗೆದು ಮುಂತುದಿ ಎತ್ತಿ. ಒಂದು ಲೋಟಕ್ಕಿಂತ ಹೆಚ್ಚು ನೀರು ಬಂದರೆ ಆ ಕಯಾಕ್ ಕಡಲಿಗೆ ಬೇಡ.